ಮೂರು ಜಿಲ್ಲೆ, ಮತ್ತೆ ಒಂದಿಷ್ಟು ನೀರು

ಪುಟಕ್ಕೆ ಹದಿನೈದು ರೂಪಾಯಿ, ಕೋಷ್ಟಕವಿದ್ದರೆ ಇಪ್ಪತ್ತು.
ದುರ್ಗಿಗುಡಿಯಲ್ಲಿ, ಮೆಟ್ಟಿಲ ಕೆಳಗಿನ ನನ್ನ ಅಂಗಡಿಗೆ
ಶಂಕರಘಟ್ಟದ ಬಸ್ಸಿಳಿದು ಬಂದಳು ಕ್ಲೋಡಿನ್ ನಿಯೊಂಕುರು,
ಬುರುಂಡಿಯವಳು.
ದುಂಡನೆಯ ಕೈಬರಹ, ಒತ್ತಾಗಿ ಹೊಲಿಗೆ ಹಾಕಿದಂತೆ.
ಅಧ್ಯಾಯ ಎರಡು: ಭೂಗೋಳ, ಆರ್ಥಿಕತೆ, ಜನಸಂಖ್ಯೆ.

ಟೈಪು ಮಾಡುವವಳಿಗೆ ಅರ್ಥ ಬೇಡ, ಅಕ್ಷರ ಸಾಕು
ಎಂದುಕೊಂಡೇ ಇಪ್ಪತ್ತಾರು ವರ್ಷ ಕಳೆದವಳು ನಾನು.
ಆದರೂ ಅವತ್ತು ಕ್ಯಾಲ್ಕುಲೇಟರ್ ಒತ್ತಿದೆ.
ಸೊರಬದಿಂದ ಆಗುಂಬೆವರೆಗಿನ ನಮ್ಮ ಜಿಲ್ಲೆಯನ್ನು
ಒಂದರ ಪಕ್ಕ ಒಂದರಂತೆ ಮೂರು ಸಲ ಹಾಸಿದರೂ
ಆ ದೇಶದಲ್ಲಿ ಒಂದು ಚೂರು ಉಳಿಯಿತು.
"ಅದು ನೀರು, ಫಿಲ್ಲಿಯಕ್ಕ" ಎಂದಳು ಹರಕು ಕನ್ನಡದಲ್ಲಿ,
"ಟಾಂಗನಿಕ. ಕೆರೆ ಅನ್ನಬೇಡಿ,
ಅದರ ಆಚೆ ದಡ ಬೇರೆ ದೇಶ."

ಜನ ಒಂದು ಕೋಟಿ ಮೂವತ್ತು ಲಕ್ಷ.
ಇಲ್ಲಿ ಒಬ್ಬರು ನಿಂತ ಜಾಗದಲ್ಲಿ ಅಲ್ಲಿ ಇಬ್ಬರು ನಿಲ್ಲಬೇಕು,
ಒಬ್ಬರ ಕಂಕುಳಲ್ಲಿ ಕೂಸೂ ಇರಬೇಕು, ಎಂದೆ.
"ಬೆನ್ನಲ್ಲಿ" ಎಂದು ತಿದ್ದಿದಳು. "ನಾವು ಬೆನ್ನಿಗೆ ಕಟ್ಟುವುದು."

ಅಲ್ಲಿ ಊರೆಂಬುದು ಕಡಿಮೆಯಂತೆ, ಗುಡ್ಡಗಳಂತೆ.
ಗುಡ್ಡಕ್ಕೊಂದು ಹೆಸರು, ಗುಡ್ಡವೇ ವಿಳಾಸ.
ಹೆಣ್ಣು ಕೇಳಲು ಬಂದವರೂ, ಪೊಲೀಸರೂ
ಮೊದಲು ಕೇಳುವುದು ಒಂದೇ: ಯಾವ ಗುಡ್ಡ?
ಉಮುಸೊಜಿ, ಎಂದು ಕಲಿಸಿದಳು. ನನ್ನ ನಾಲಿಗೆ
ಜಕಾರದ ಹತ್ತಿರ ಜಾರಿತು.

ಗುಡ್ಡದೊಂದು ಒರತೆಯಿಂದ ನೈಲ್ ಶುರುವಾಗುತ್ತದಂತೆ.
ಮೇಲೆ ಕಲ್ಲಿನದೊಂದು ಪುಟ್ಟ ಗೋಪುರ.
ನಮ್ಮ ಶರಾವತಿ ಆತುರಗಾರ್ತಿ,
ನೂರು ಚಿಲ್ಲರೆ ಕಿಲೋಮೀಟರಿಗೇ ಹಾರಿ ಕಡಲು ಸೇರುವವಳು.
ಆ ಹನಿಯೋ ಆರು ಸಾವಿರ ನಡೆಯಬೇಕು,
ಮರಳುಗಾಡನ್ನೂ ದಾಟಿ.
ಕಡಲಿಲ್ಲದ ನಾಡಿನಿಂದ ಕಡಲಿಗೆ
ಪಾಸ್‌ಪೋರ್ಟಿಲ್ಲದೆ ಹೋಗುವುದು ಅದೊಂದೇ ಏನೋ.
ಉಳಿದ ಸರಕಿಗೆಲ್ಲ ಪಕ್ಕದ ದೇಶದ ರಸ್ತೆ, ಪಕ್ಕದ ದೇಶದ ಬಂದರು.

ಕೋಷ್ಟಕ ನಾಲ್ಕು: ಜನಗಣತಿ.
ಎಪ್ಪತ್ತೊಂಬತ್ತು. ತೊಂಬತ್ತು. ಎರಡು ಸಾವಿರದ ಎಂಟು.
ನಡುವೆ ಒಂದು ಸಾಲು ಬಿಟ್ಟಿದ್ದೀಯಲ್ಲೇ ಮಾರಾಯ್ತಿ,
ಹತ್ತು ವರ್ಷಕ್ಕೊಮ್ಮೆಯಲ್ಲವಾ ಎಣಿಸುವುದು?
ಅವಳು ಸ್ಟೇಪ್ಲರಿಗೆ ಪಿನ್ನು ತುಂಬುತ್ತಿದ್ದಳು.
"ಆಗ ಬೇರೇನೋ ಎಣಿಸುತ್ತಿದ್ದರು."

ಗೆರೆ ಎಳೆದೆ. ಫ್ಯಾನು ತಿರುಗುತ್ತಿತ್ತು.
ಗೋಪಿ ಸರ್ಕಲ್ಲಿನ ಹುಡುಗ ಎರಡು ಲೋಟ ಕಾಫಿ ತಂದಿಟ್ಟ.

ರಫ್ತಿನಲ್ಲಿ ಕಾಫಿಯ ಪಾಲು ಶೇಕಡಾ
ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಳು.
"ಮೂರು ವರದಿ, ಮೂರು ಅಂಕಿ. ಸದ್ಯಕ್ಕೆ ಚುಕ್ಕಿ ಹಾಕಿ."
ಲೋಟ ಹಿಡಿದು ಮೂಸಿ, ಇಷ್ಟೇ ಇಷ್ಟು ಕುಡಿದು,
"ಇದರಲ್ಲಿ ಇನ್ನೇನೋ ಇದೆ" ಎಂದಳು.
ಚಿಕೋರಿ, ಎಂದೆ.
ಅವಳಪ್ಪನದು ನಾನೂರು ಗಿಡ.
ಹಣ್ಣು ಬಿಡಿಸಿ, ತಲೆ ಮೇಲೆ ಹೊತ್ತು
ತೊಳೆಯುವ ಕಟ್ಟೆಗೆ ಸುರಿದು ಬರುತ್ತಾನಂತೆ.
ಅರುವತ್ತು ದಾಟಿದರೂ ಒಂದು ಲೋಟ ಕುಡಿದವನಲ್ಲ.
ಮನೆಯಲ್ಲಿ ಕುಡಿಯುವುದು ಬಾಳೆಹಣ್ಣಿನ ಬಿಯರು.

ತಿದ್ದುವಾಗ ಕಂಪ್ಯೂಟರು ಅವಳ ಹೆಸರಿನಡಿ
ಕೆಂಪು ಗೆರೆ ಹಾಕಿತು; ಅವಳ ಗುಡ್ಡದ ಹೆಸರಿನಡಿಯೂ.
"ನಿಮ್ಮದು ಯಾವ ಗುಡ್ಡ?" ಎಂದು ಕೇಳಿದಳು.
ಹೊಸನಗರದಾಚೆ, ಕೂಗಿದರೆ ನಾಯಿಗೆ ಮಾತ್ರ ಕೇಳುವಷ್ಟು ದೂರಕ್ಕೆ
ಒಂದೊಂದು ಮನೆಯಿರುವ ಕಡೆ, ನನ್ನ ತವರು.
ಕೊಡಸೆಹಕ್ಲು, ಎಂದು ಇಂಗ್ಲಿಷಿನಲ್ಲಿ ಒತ್ತಿ ತೋರಿಸಿದೆ.
ಅದಕ್ಕೂ ಕೆಂಪು ಗೆರೆ.
ಬಲಗುಂಡಿ ಒತ್ತಿದರೆ: ಸಲಹೆಗಳಿಲ್ಲ.
ಇಬ್ಬರೂ ಎಷ್ಟು ನಕ್ಕೆವೆಂದರೆ
ಜಾತಿ ಪ್ರಮಾಣಪತ್ರದ ಜೆರಾಕ್ಸಿಗೆ ಬಂದವರು
ಬಾಗಿಲಲ್ಲೇ ನಿಂತರು.

ಹದಿನೆಂಟು ಪುಟ, ನಾಲ್ಕು ಕೋಷ್ಟಕ.
ಇನ್ನೂರ ತೊಂಬತ್ತಾಯಿತು, ಇನ್ನೂರೈವತ್ತು ತಗೊಂಡೆ.
ಅಂಕಿ ಸಿಕ್ಕ ಕೂಡಲೇ ಬರುತ್ತೇನೆಂದು ಹೋದವಳು;
ಮಳೆಗಾಲ ಮುಗಿಯಿತು.
ಕಡತ ತೆರೆದರೆ ಈಗಲೂ
ಕಾಫಿಯ ಪಾಲು ಶೇಕಡಾ . . . . .